ಸೋಮವಾರ ಮುಟ್ಟಿದ ಅರಳಿ

ಪಿಂಗಾಣಿ ತಟ್ಟೆಯಲ್ಲಿ ಗೇಣುದ್ದ ನಿಂತಿರಬೇಕಾಗಿದ್ದ ಅರಳಿ ಮರ ಕೋದಂಡಪ್ಪನ ತಲೆಗಿಂತ ಮೇಲಕ್ಕೆ ಬೆಳೆದದ್ದೇ ಎಲ್ಲ ಅನರ್ಥಕ್ಕೂ ಮೂಲ.

ಕೋದಂಡಪ್ಪ ಉರಿಗಾಂ ಚಿನ್ನದ ಗಣಿಯ ಉಗ್ರಾಣದಲ್ಲಿ ಗುಮಾಸ್ತ. ಅವನ ಮೇಲಧಿಕಾರಿ ಹಾರ್ಡಿಂಗ್ ದೊರೆಗೆ ಮರಗಳನ್ನು ತಟ್ಟೆಯಲ್ಲಿ ಕುಳ್ಳಗೆ ಬೆಳೆಸುವ ಜಪಾನಿನವರ ಹುಚ್ಚು. ದೀರ್ಘ ರಜೆಯ ಮೇಲೆ ಇಂಗ್ಲೆಂಡಿಗೆ ಹೊರಟಾಗ ತಮ್ಮ ಮುದ್ದಿನ ಪುಟಾಣಿ ಅರಳಿಯನ್ನು ಕೋದಂಡಪ್ಪನ ಕೈಗಿಟ್ಟಿದ್ದರು. "ಚಿಗುರು ಬಂದ ಹಾಗೆ ಕತ್ತರಿಸು, ಬೇರು ಸವರು, ನೀರು ಕಡಿಮೆ ಹಾಕು. ನಾನು ಬಂದಾಗ ಹೀಗೇ ಇದ್ದರೆ ಹೆಡ್ ಕ್ಲರ್ಕ್ ಕುರ್ಚಿ ನಿನ್ನದು" ಎಂದಿದ್ದರು. ಆ ಕುರ್ಚಿಗೆ ಬೆತ್ತದ ಬೆನ್ನಿತ್ತು, ಕೈಯಿಡಲು ಎರಡು ಹಿಡಿಗಳಿದ್ದವು. ಹದಿನೈದು ವರ್ಷ ಸ್ಟೂಲಿನ ಮೇಲೆ ಕೂತು ಬೆನ್ನು ಬಗ್ಗಿಸಿಕೊಂಡವನಿಗೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಆದರೆ ಅರಳಿಗೆ ಕತ್ತರಿ ಹಾಕುವುದುಂಟೆ? ಮೊದಲ ದಿನವೇ ಅವನು ಕತ್ತರಿ ಎತ್ತಿ ಮತ್ತೆ ಇಳಿಸಿದ. ಹೆಂಡತಿ ವೆಂಕಟರತ್ನಮ್ಮ ಕತ್ತರಿ ಕಿತ್ತಿಟ್ಟು ಗಿಡಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಕಾಲು ಚಾಚಲು ಜಾಗವಿಲ್ಲ ಪಾಪ ಎಂದು ಅದನ್ನು ದೊಡ್ಡ ಮಣ್ಣಿನ ಕುಂಡಕ್ಕೆ ವರ್ಗಾಯಿಸಿ ಅಂಗಳದ ನಡುವೆ ಇಟ್ಟಳು. ದೊರೆಯ ಪಿಂಗಾಣಿ ತಟ್ಟೆಯ ತಳದಲ್ಲಿ ತೂತುಗಳಿದ್ದುದರಿಂದ ಅದು ಅಕ್ಕಿ ತೊಳೆದು ಸೋಸಲು ಅಡುಗೆಮನೆ ಸೇರಿತು. ಪಕ್ಕದ ಮನೆಯ ಅಮ್ಮಾಜಮ್ಮ ದಿನವೂ ಚೊಂಬು ತುಂಬ ನೀರೆರೆದಳು. ಅವಳ ಸೊಸೆ ಗಿಡವನ್ನು ಸುತ್ತಿ ಬಸುರಾದಳು. ಅಲ್ಲಿಂದಾಚೆಗೆ ಕೇಳಬೇಕೆ? ಗಣಿಯವರ ಮನೆಗಳ ಆ ಲೈನಿನ ಹೆಂಗಸರೆಲ್ಲ ಬಂದು ಸುತ್ತಿ ಅರಿಸಿನದ ದಾರ ಕಟ್ಟತೊಡಗಿದರು. ಎರಡು ಮಳೆಗಾಲದಲ್ಲಿ ಬೇರು ಕುಂಡ ಒಡೆದು ನೆಲಕ್ಕಿಳಿಯಿತು. ದೊರೆ ಬರುವ ಹೊತ್ತಿಗೆ ನೋಡಿಕೊಳ್ಳೋಣ ಎಂದು ಕೋದಂಡಪ್ಪ ಸುಮ್ಮನಿದ್ದ.

ಆ ಸೋಮವಾರ ಬೆಳಿಗ್ಗೆ ಜವಾನ ಮುನಿಸ್ವಾಮಪ್ಪ ಬಾಗಿಲಲ್ಲಿ ನಿಂತು ಹೇಳಿದ: "ದೊರೆ ರಾತ್ರಿನೇ ಬಂದವ್ರೆ ಕಣಪ್ಪಾ. ಸಂಜೆ ಟೀ ಓತ್ಗೆ ಗಿಡ ಎತ್ಕಂಡ್ ಬಾ ಅಂದವ್ರೆ."

ಕೋದಂಡಪ್ಪ ಹೊಟ್ಟೆ ಹಿಡಿದುಕೊಂಡ. "ನಂಗೆ ವಟ್ಟೆನೋವು, ಕೆಲಸಕ್ಕೆ ಬರಾಕಾಗಲ್ಲ ಅನ್ನು. ಗಿಡ ಮಾತ್ರ ಸಂಜೆಗೆ ತತ್ತೀನಿ" ಎಂದು ಅವನನ್ನು ಸಾಗಹಾಕಿದ. ಮುನಿಸ್ವಾಮಪ್ಪ ಹೋಗುವ ದಾರಿಯಲ್ಲಿ ಲೈನಿಗೆಲ್ಲ ಆ ಹೊಟ್ಟೆನೋವನ್ನು ಹಂಚಿಕೊಂಡು ಹೋದ.

ಬೆನ್ನಿಗೇ ಅಮ್ಮಾಜಮ್ಮ ಬಂದಳು. "ಇವತ್ತು ಸೋಮವಾರದ ಅಮಾಸೆ, ಗ್ಯಾನ ಐತೇನಪ್ಪಾ? ಸಂಜೆಗೆ ಮರಕ್ಕೆ ನೂರೆಂಟು ಸುತ್ತು ಬರ್ಬೇಕು. ನಿನ್ನೆಂಡ್ರು ಬಂಗಾರಪೇಟೆ ಅಕ್ಕನ ಮನೆಯಿಂದ ಯಾರೋ ದೊಡ್ಡಮನೆ ಅಮ್ನೋರ್ನ ಕರ್ಕಂಡ್ ಬತ್ತಾಳಂತೆ. ಮಕ್ಕಳಿಲ್ವಂತೆ, ಪಾಪ. ನಾವೆಲ್ಲ ಊವಾ, ದಾರ ತರಾಕೆ ಆಂಡರ್ಸನ್‌ಪೇಟೆಗೆ ಓಗ್ಬತ್ತೀವಿ. ಮರ ನೋಡ್ಕೋ. ಶನಿವಾರ ಬಿಟ್ರೆ ಬ್ಯಾರೆ ದಿನ ಅರಳಿ ಮುಟ್ಟಬಾರ್ದು, ಗೊತ್ತೈತಲ್ಲ?"

ಗೊತ್ತಿಲ್ಲದೆ ಏನು? ಆದರೆ ಕುರ್ಚಿ ಕಣ್ಣ ಮುಂದೆ ಕುಣಿಯುತ್ತಿತ್ತು. ಕತ್ತರಿಸಿ ದೊರೆಗೆ ಒಪ್ಪಿಸಿಬಿಟ್ಟರೆ, ಕೇಳಿದವರಿಗೆ ದೊರೆ ಇಡೀ ಮರವನ್ನೇ ಕೀಳಿಸಿಕೊಂಡು ಹೋದರು ಅನ್ನಬಹುದು. ದೊರೆಯನ್ನು ಯಾರು ಹೋಗಿ ಕೇಳುತ್ತಾರೆ?

ಹೆಂಗಸರು ತಿರುವು ದಾಟಿದ್ದೇ ತಡ, ಕೋದಂಡಪ್ಪ ಹಾರೆ ಹಿಡಿದು ಬೇರು ಮೀಟಿದ. ಮರವನ್ನು ಒಳಕ್ಕೆ ಎಳೆದುಕೊಂಡು ಅಗುಳಿ ಹಾಕಿದ. "ತಪ್ಪಾಯ್ತಪ್ಪಾ ತಂದೆ" ಎಂದು ಕೈಮುಗಿದು ಮಚ್ಚು ಬೀಸಿದ. ಕೊಂಬೆ ಕಡಿದಲ್ಲೆಲ್ಲ ಬೆಳ್ಳನೆ ಹಾಲು ಒಸರಿತು. ಅದನ್ನು ಕಂಡು ಅವನಿಗೆ ನಿಜವಾಗಿಯೂ ಹೊಟ್ಟೆನೋವು ಶುರುವಾಯಿತು.

ದಾರಗಳು ಜೋತಾಡುತ್ತಿದ್ದ ಕೊಂಬೆಗಳನ್ನು ಹಿತ್ತಲ ಗೋಡೆಯಾಚೆ ಎಸೆದ. ಅಲ್ಲಿ ಹಿಂದಿನ ಮನೆಯ ಮಾರಿಯಮ್ಮನ ಮೇಕೆ ಕಾದು ನಿಂತಂತೆ ಮೇಯತೊಡಗಿತು. ಸಾಕ್ಷಿಯೂ ಅಳಿಯುತ್ತದೆ ಎಂದು ಕೋದಂಡಪ್ಪ ಆ ಮೇಕೆಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದ.

ಮೋಟು ಕಾಂಡ, ನಾಲ್ಕೈದು ಎಲೆ ಉಳಿಸಿಕೊಂಡ. ಬೇರಿನ ಗಂಟನ್ನು ಹೊಸಲ ಮೇಲಿಟ್ಟು ಕೊಚ್ಚುತ್ತಿರುವಾಗ ಬಾಗಿಲು ದಬದಬ ಬಡಿಯಿತು.

"ಕೋದಂಡಪ್ಪಾ, ಬಾಗ್ಲು ತೆಗಿ! ಓಂಕಾಳು ಕಷಾಯ ತಂದಿವ್ನಿ. ಅಯ್ಯೋ, ಅಂಗಳದಾಗಿದ್ದ ಮರ ಎಲ್ಲಿ?"

ಅಮ್ಮಾಜಮ್ಮ ಪೇಟೆಯಿಂದ ಆಗಲೇ ಬಂದುಬಿಟ್ಟಿದ್ದಳು. ಕೋದಂಡಪ್ಪ ಮಚ್ಚನ್ನು ಮಂಚದ ಕೆಳಗೆ ತಳ್ಳಿ, "ಒಳಗೈತೆ ಅಕ್ಕಾ! ಸಂಜೆ ಪೂಜೆಗೆ ಮೈ ತೊಳೀತಿವ್ನಿ!" ಎಂದು ಕೂಗಿದ.

"ಸೋಮವಾರ ಮುಟ್ಟಿದ್ಯಾ?"

"ಮುಟ್ಟಿಲ್ಲಕ್ಕಾ, ಟವಲ್ ಸುತ್ತಿ ಇಡ್ಕಂಡಿವ್ನಿ."

"ಕಿಟಕಿನಾರ ತೆಗಿ, ಕಷಾಯ ಕುಡಿ."

ಅವನು ಕಿಟಕಿಯನ್ನು ಲೋಟ ಹಿಡಿಯುವಷ್ಟೇ ತೆರೆದು ಕೈ ಚಾಚಿದ. ಅಂಗೈಯಿಂದ ಮೊಳಕೈವರೆಗೆ ಹಾಲು ಮೆತ್ತಿತ್ತು. ಅಮ್ಮಾಜಮ್ಮ ನೋಡಿದವಳೇ ದಂಗಾದಳು. "ಆಲಿನಾಗೆ ಅಭಿಸೇಕ ಮಾಡ್ತಾವ್ನೆ! ವಟ್ಟೆನೋವಿಟ್ಕಂಡು!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಾಡಪ್ಪಾ, ಮಾಡು. ನಾನು ಯಾರ್ನೂ ಬಾಗ್ಲ ತಾವ ಬಿಡಾಕಿಲ್ಲ." ಕೋದಂಡಪ್ಪ ಕಷಾಯ ಕುಡಿದು ಲೋಟವನ್ನು ಕಿಟಕಿಯಾಚೆ ಚಾಚಿದ. ಅವಳ ಮುಂದೆ ಅವನಿಗೆ ನಾಚಿಕೆಯಾಯಿತು.

ಪಿಂಗಾಣಿ ತಟ್ಟೆಯಲ್ಲಿ ಮಣ್ಣು ತುಂಬಿ, ಮೋಟನ್ನು ಕೂರಿಸಿ, ಹಸಿ ಗಾಯಗಳ ಮೇಲೆ ಒಲೆಯ ಬೂದಿ ಬಳಿದ. ತಟ್ಟೆಯನ್ನು ಟವಲಿನಲ್ಲಿ ಸುತ್ತಿ, ಹಿತ್ತಲ ಗೋಡೆ ಹತ್ತಿ ಇಳಿದು, ದೊರೆಯ ಬಂಗಲೆಗೆ ಬಿದ್ದಂಬೀಳ ನಡೆದ. ಅಮ್ಮಾಜಮ್ಮ ಮುಂಬಾಗಿಲಲ್ಲಿ ಕಾವಲು ಕೂತೇ ಇದ್ದಳು.

ದೊರೆ ಗಿಡವನ್ನು ಸುತ್ತಲೂ ತಿರುಗಿಸಿ ನೋಡಿದರು. ಬೂದಿಯನ್ನು ಬೆರಳಿನಿಂದ ಮುಟ್ಟಿದರು. ಕೋದಂಡಪ್ಪ ಅಂಟು ಅಂಟಾದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ.

"ಶಭಾಷ್, ಕೋದಂಡಪ್ಪಾ! ಬಿಟ್ಟು ಹೋದ ಹಾಗೇ ಇದೆ. ಇದು ನಿನಗೇ ಇನಾಮು, ಇಟ್ಟುಕೋ!"

"ನನಗಾ, ದೊರೆ?"

"ಗಣಿ ನಿಮ್ಮ ಸರ್ಕಾರದ್ದಾಯಿತು. ನಾನು ಸಾಮಾನು ಕಟ್ಟಲು ಬಂದವನು. ಹಡಗಿನಲ್ಲಿ ಗಿಡ ಒಯ್ಯಲು ಬಿಡುವುದಿಲ್ಲ."

"ಹಾಗಾದರೆ... ಕುರ್ಚಿ?"

"ಅದಕ್ಕೆ ಇನ್ನು ಹೊಸ ಸಾಹೇಬರು ಆದಿನಾರಾಯಣಯ್ಯನವರ ಸಹಿ ಬೇಕು. ಹೆದರಬೇಡ, ನಿನ್ನ ಹೆಸರು ಹೇಳಿದ್ದೇನೆ. ಬಹಳ ದೈವಭಕ್ತರು. ಮರ ಗಿಡ ಕಂಡರೆ ಕೈಮುಗಿಯುವ ಮನುಷ್ಯ."

ಕೋದಂಡಪ್ಪ ತಟ್ಟೆಯನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಂಡು ಹೊರಟ. ದಾರಿಯಲ್ಲಿ ಎಲ್ಲಾದರೂ ಎಸೆದುಬಿಡೋಣ ಎಂದರೆ ಕಂಡ ಕಂಡ ಕಡೆಯೆಲ್ಲ ಪಾಳಿ ಮುಗಿಸಿ ಬರುವ ಪರಿಚಯದವರೇ. ಇನ್ನೂ ಎಸೆಯುವ ಜಾಗ ಹುಡುಕುತ್ತಿರುವಾಗಲೇ ಅವನ ಮನೆಯ ತಿರುವು ಬಂದುಬಿಟ್ಟಿತ್ತು. ಮನೆಯ ಮುಂದೆ ಕಪ್ಪು ಕಾರು ನಿಂತಿತ್ತು.

ಅಂಗಳದಲ್ಲಿ ಲೈನಿನ ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಂಡು ಹೂವು, ದಾರ ಹಿಡಿದು ನಿಂತಿದ್ದರು. ನಡುವೆ ರೇಷ್ಮೆ ಸೀರೆಯ ಹೆಂಗಸೊಬ್ಬಳು ಕಣ್ಣಲ್ಲಿ ಆಸೆ ತುಂಬಿಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಮಡಿಪಂಚೆಯುಟ್ಟ ಗಂಡಸು. ಆ ಗುಂಪಿನ ಮುಂದೆ ವೆಂಕಟರತ್ನಮ್ಮ ಬಂಗಾರಪೇಟೆಯನ್ನೇ ಗೆದ್ದು ಬಂದವಳಂತೆ ನಿಂತಿದ್ದಳು.

"ಅಯ್ಯೋ, ಒಳಗಿದ್ದೋನು ಒರಗಡೆಯಿಂದ ಬತ್ತಾವ್ನಲ್ಲಾ! ಮರ ಎಲ್ಲಪ್ಪಾ?" ಎಂದು ಅಮ್ಮಾಜಮ್ಮ ಧಾವಿಸಿ ಬಂದು ಟವಲು ಎಳೆದಳು.

ಗೇಣುದ್ದದ ಮೋಟು, ಬೂದಿ ಬಳಿದುಕೊಂಡು, ನಾಲ್ಕೈದು ಎಲೆ ಹೊತ್ತು ನಿಂತಿತ್ತು. ಅಷ್ಟರಲ್ಲಿ ಮಾರಿಯಮ್ಮನ ಮೇಕೆ ಮನೆಯ ಪಕ್ಕದ ಸಂದಿಯಿಂದ ನಿಧಾನವಾಗಿ ಬಂದು ಎಲ್ಲರ ನಡುವೆ ನಿಂತಿತು. ಅದರ ಬಾಯಿಂದ ಅರಿಸಿನದ ದಾರಗಳು ಗಡ್ಡದುದ್ದಕ್ಕೂ ಇಳಿಬಿದ್ದಿದ್ದವು. ರೇಷ್ಮೆ ಸೀರೆಯ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಳು.

ಮಡಿಪಂಚೆಯವರು ಮೇಕೆಯನ್ನು ನೋಡಿದರು, ಮೋಟನ್ನು ನೋಡಿದರು, ಕೊನೆಗೆ ಅದನ್ನು ಹಿಡಿದವನನ್ನು ನೋಡಿದರು.

"ಹೆಡ್ ಕ್ಲರ್ಕ್ ಕೆಲಸಕ್ಕೆ ಹಾರ್ಡಿಂಗ್ ಅವರು ಹೇಳಿದ ಕೋದಂಡಪ್ಪ... ನೀವೇ ಏನ್ರಿ?"

"ಅಲ್ಲ ಸ್ವಾಮಿ" ಎಂದ ಕೋದಂಡಪ್ಪ.

"ಊಂ ಸ್ವಾಮಿ!" ಎಂದು ವೆಂಕಟರತ್ನಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನಮ್ಮನೆಯವ್ರೇ!"