ಒಂದನೆಯ ಸ್ಥಾನದ ಊರು

ಸೋಮವಾರ ಸಂಜೆ ಐದು ಗಂಟೆಗೆ ಹಾಸಿಗೆ ಕಾರ್ಖಾನೆಯವರು ನಲವತ್ತೊಂದು ಜನರನ್ನು ಕೆಲಸದಿಂದ ತೆಗೆದರು. ಕೈಗೆ ಕೊಟ್ಟ ಹಾಳೆಯಲ್ಲಿ ಕಾರಣ ಎರಡೇ ಪದ: ಆರ್ಥಿಕ ಹಿಂಜರಿತ. ಹನ್ನೊಂದು ವರ್ಷ ಹಾಸಿಗೆಗಳ ಅಂಚು ಹೊಲಿದವನೂ ಆ ನಲವತ್ತೊಂದರಲ್ಲಿ ಒಬ್ಬ.

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಅಂಚಣ್ಣ ಎಂದೇ ಕರೆಯುತ್ತಿದ್ದರು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಅಂಚಣ್ಣ ಹಲ್ಲುಜ್ಜುವಷ್ಟರಲ್ಲಿ ವಠಾರಕ್ಕೆಲ್ಲ ಸುದ್ದಿ ಮುಟ್ಟಿತ್ತು. ಬಾಯಿ ಮುಕ್ಕಳಿಸಿ ತಲೆ ಎತ್ತಿದರೆ ಎದುರಿಗೆ ಮೂವರು ನಿಂತಿದ್ದಾರೆ, ಮದುವೆಗೆ ಗಂಡು ನೋಡಲು ಬಂದವರ ಹಾಗೆ: ಕೆಳಗಿನ ಅಂಗಡಿಯ ಕ್ಷೌರಿಕ, ಮಹಡಿಯ ನರ್ಸಕ್ಕ, ಎದುರುಮನೆಯ ನಿವೃತ್ತ ಸ್ಟೇಷನ್ ಮಾಸ್ತರರು.

"ಹೆದರ್ಬೇಡಪ್ಪಾ," ಎಂದರು ಮಾಸ್ತರರು. "ನಾವಿದ್ದೀವಿ."

ಅಂಚಣ್ಣನಿಗೆ ಹೆದರಿಕೆ ಶುರುವಾದದ್ದೇ ಆಗ.

ಮಾಸ್ತರರ ಕೈಯಲ್ಲಿ ಅಂದಿನ ಪತ್ರಿಕೆಯಿತ್ತು. ಮೂರನೇ ಪುಟದಲ್ಲಿ ದೊಡ್ಡದೊಂದು ಪಟ್ಟಿ: 'ಹಿಂಜರಿತಕ್ಕೆ ಜಗ್ಗದ ಊರುಗಳು, ಎಲ್ಲಿ ಎಷ್ಟು ಕೆಲಸ ಖಾಲಿ'. ಪತ್ರಿಕೆ ಕ್ಷೌರಿಕನ ಅಂಗಡಿಯದು. ಅವನು ಬೆಳಗಿನ ಮೊದಲ ಗಿರಾಕಿಯ ನೊರೆಯನ್ನು ಪುಟದ ಮೇಲ್ತುದಿ ಹರಿದೇ ಒರೆಸುವವನು. ಹಾಗಾಗಿ ಪಟ್ಟಿಯಲ್ಲಿ ಒಂದನೆಯ ಸ್ಥಾನ ಇರಲೇ ಇಲ್ಲ. ಅದು ಯಾರದೋ ಗಡ್ಡದ ಜೊತೆ ಕಸದ ಬುಟ್ಟಿ ಸೇರಿತ್ತು.

"ಒಂದನೇದು ಯಾವ್ದಾದ್ರೂ ಆಗ್ಲಿ," ಎಂದಳು ನರ್ಸಕ್ಕ. "ಎರಡನೇದು ನೋಡಿ, ಆಸ್ಪತ್ರೆಗಳ ಊರು. ಕಾಯಿಲೆಗೆ ಹಿಂಜರಿತ ಗೊತ್ತಿರುತ್ತಾ? ನನ್ನ ತಮ್ಮ ಅಲ್ಲೇ ವಾರ್ಡಲ್ಲಿದ್ದಾನೆ."

"ಪೇಷಂಟಾ?" ಎಂದ ಕ್ಷೌರಿಕ.

"ಅಟೆಂಡರ್! ನಿನ್ನ ಬಾಯಿಗೆ ಹೊಲಿಗೆ ಹಾಕ!"

ಮೂರನೆಯದು ಬಂದರು ಊರು. ಅಲ್ಲಿ ಕ್ಷೌರಿಕನ ಭಾವ ಹಡಗು ಕಂಪನಿಯ ಗುಮಾಸ್ತ. ನಾಲ್ಕನೆಯದು ರಾಜಧಾನಿ. ಅಲ್ಲಿ ಮಾಸ್ತರರ ಅಳಿಯ ಸರ್ಕಾರಿ ಕಚೇರಿಯಲ್ಲಿದ್ದ. "ಅಲ್ಲಿ ಫೈಲೇ ಅಲ್ಲಾಡಲ್ಲ. ಇನ್ನು ಕೆಲಸ ಹೇಗೆ ಅಲ್ಲಾಡುತ್ತೆ?" ಎಂಬುದು ಮಾಸ್ತರರ ವಾದ.

ಒಳಗಿನಿಂದ ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. "ರೀ, ನೀವು ಎಲ್ಲಿಗೆ ಬೇಕಾದ್ರೂ ಹೋಗಿ. ಮಗಳ ಸ್ಕೂಲು ಮಾತ್ರ ನಾನು ಬಿಡಿಸಲ್ಲ. ನಾವಿಬ್ರೂ ಇಲ್ಲೇ ಇರ್ತೀವಿ."

ಅಂಚಣ್ಣನಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅವನಿಗೆ ಬೇಕಿದ್ದದ್ದು ಎರಡೇ: ಕೈಗೊಂದು ಕೆಲಸ, ಸಂಜೆ ಮನೆಗೆ ಬಂದಾಗ ಕುತ್ತಿಗೆಗೆ ಜೋತು ಬೀಳುವ ಆರು ವರ್ಷದ ಮಗಳು. ಒಂದಕ್ಕಾಗಿ ಇನ್ನೊಂದನ್ನು ಬಿಡು ಎಂದರೆ ಹೇಗೆ? ಇದನ್ನು ಹೇಳೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಮೂವರೂ ಫೋನು ತೆಗೆದಾಗಿತ್ತು.

"ಭಾವ, ಕೆಲಸ ಹೇಗಿದೆ?" ಎಂದು ಕಿರುಚಿದ ಕ್ಷೌರಿಕ.

"ಭರ್ಜರಿ!" ಎಂದಿತು ಫೋನು. "ಹಡಗುಗಳು ನೊಣದ ಹಾಗೆ ಮುತ್ಕೊಂಡಿವೆ!" ಹಿಂದಿನಿಂದ ಕಿವಿ ಹರಿಯುವ ಹಾರ್ನ್ ಕೇಳಿಸಿತು. "ಕೇಳಿದ್ಯಾ? ಹಡಗಿಂದು!"

ನರ್ಸಕ್ಕನ ತಮ್ಮನ ಹಿನ್ನೆಲೆಯಲ್ಲಿ ಮಗುವೊಂದು ಚೀರುತ್ತಿತ್ತು. "ಆಸ್ಪತ್ರೆ ಅಲ್ವಾ ಅಕ್ಕಾ, ಉಸಿರಾಡೋಕೂ ಪುರುಸೊತ್ತಿಲ್ಲ," ಎಂದ. ಮಾಸ್ತರರ ಅಳಿಯ ಪಿಸುಗುಟ್ಟಿದ: "ಮಾವ, ಮೀಟಿಂಗಲ್ಲಿದ್ದೀನಿ. ಎಷ್ಟು ಜನ ಅಂದ್ರೆ, ಕೂರೋಕೆ ಜಾಗ ಇಲ್ದೆ ಅರ್ಧ ಜನ ನಿಂತಿದ್ದಾರೆ."

ಮೂವರೂ ಗೆದ್ದವರ ಹಾಗೆ ಅಂಚಣ್ಣನನ್ನು ನೋಡಿದರು. ನರ್ಸಕ್ಕ ಅವನ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದಳು. ಕ್ಷೌರಿಕ, ಸಮುದ್ರದ ಗಾಳಿಗೆ ಇವು ಆಗಿಬರುವುದಿಲ್ಲವೆಂದು ಹೊರಗೆ ಎಳೆದ. ಮಾಸ್ತರರು ತಮ್ಮ ಹಳೆಯ ಕಪ್ಪು ಕೋಟು ತಂದು ಅವನಿಗೆ ತೊಡಿಸಿಯೇ ಬಿಟ್ಟರು. ತೋಳು ಉದ್ದವಾಗಿ ಅಂಚಣ್ಣನ ಕೈಗಳು ಮಾಯವಾದವು. ಕ್ಷೌರಿಕ ಇಂಟರ್‌ವ್ಯೂಗೆಂದು ಅವನ ಮೀಸೆಯ ಎಡಭಾಗ ಟ್ರಿಮ್ ಮಾಡುತ್ತಿದ್ದಾಗ ನರ್ಸಕ್ಕ ಬಸ್ಸಿಗೆ ಹೊತ್ತಾಯಿತೆಂದು ಎಳೆದಳು. ಬಲಭಾಗ ಹಾಗೇ ಉಳಿಯಿತು.

ಬಸ್ ನಿಲ್ದಾಣ ತಲುಪುವ ಹೊತ್ತಿಗೆ ಅವನ ಒಂದು ಕೈ ಬಂದರಿಗೆ, ಇನ್ನೊಂದು ಆಸ್ಪತ್ರೆಗೆ, ಕೋಟಿನ ಕಾಲರು ರಾಜಧಾನಿಗೆ ಹೊರಟಿದ್ದವು.

"ನನ್ನ ಮಾತು ಸ್ವಲ್ಪ..." ಎಂದ ಅಂಚಣ್ಣ.

"ಇದು ಮಾತಾಡೋ ಹೊತ್ತೇನೋ!" ಎಂದು ಮೂವರೂ ಒಟ್ಟಿಗೆ ಗದರಿದರು. ಬೆಳಗಿನಿಂದ ಅವರು ಒಪ್ಪಿದ ಮೊದಲ ವಿಷಯ ಅದು.

ಆಗ ಬಂದರು ಊರಿನ ಬಸ್ಸು ಕಿವಿ ಹರಿಯುವ ಹಾರ್ನ್ ಹೊಡೆಯುತ್ತ ಒಳಗೆ ಬಂತು. ಬಾಗಿಲಿನಿಂದ ಟ್ರಂಕು ಹೊತ್ತು ಇಳಿದವನನ್ನು ಕಂಡು ಕ್ಷೌರಿಕ ಅಂಚಣ್ಣನ ಕೈ ಬಿಟ್ಟ.

"ಭಾವ! ನೀನಿಲ್ಲಿ? ಹಡಗು?"

ಭಾವ ಟ್ರಂಕಿನ ಹಿಂದೆ ಅಡಗಲು ನೋಡಿದ. ಟ್ರಂಕು ಸಣ್ಣದು. "ಯಾವ ಹಡಗು ಮಾರಾಯಾ! ಗುಮಾಸ್ತರೆಲ್ಲ ಗಾಳ ಹಿಡ್ಕೊಂಡು ಕೂತಿದ್ದೀವಿ. ಈಗ ಮೀನಿಗಿಂತ ಗಾಳಾನೇ ಜಾಸ್ತಿ."

ಹಿಂದೆಯೇ ಬಂದ ಬಸ್ಸಿನಿಂದ, ಅಳುವ ಮಗುವಿನ ತಾಯಿಗೆ ದಾರಿ ಬಿಟ್ಟು, ನರ್ಸಕ್ಕನ ತಮ್ಮ ಇಳಿದ. "ಜನಕ್ಕೆ ಕಾಯಿಲೆ ಏನೋ ಬರುತ್ತೆ ಅಕ್ಕಾ. ಕಾಯಿಲೆ ತಗೊಂಡು ಆಸ್ಪತ್ರೆಗೆ ಬರಲ್ಲ. ಮನೇಲೇ ಪುಕ್ಕಟೆ ನರಳ್ತಾರೆ. ಅರ್ಧ ವಾರ್ಡು ಮುಚ್ಚಿದ್ರು, ಅದ್ರಲ್ಲಿ ನಂದೂ ಒಂದು."

ಮೂರನೆಯ ಬಸ್ಸಿನಲ್ಲಿ ಸೀಟು ಸಿಗದೆ ಐದು ಗಂಟೆ ನಿಂತೇ ಬಂದ ಅಳಿಯ, ಮಾವನನ್ನು ಕಂಡವನೇ ಕಾಲಿಗೆ ಬಿದ್ದ. "ರಾಜಧಾನಿಲಿ ಜನರನ್ನ ಕೆಲಸದಿಂದ ತೆಗೆಯೋ ವಿಭಾಗದಲ್ಲಿ ಮಾತ್ರ ಹೊಸಬರನ್ನ ತಗೋತಿದ್ರು ಮಾವ. ಎಲ್ಲರನ್ನೂ ತೆಗೆದು ಮುಗೀತು. ಕೊನೆಗೆ ಆ ವಿಭಾಗಾನೂ ತೆಗೆದ್ರು."

"ಹಾಗಾದ್ರೆ ಇಲ್ಲಿಗ್ಯಾಕೆ ಬಂದ್ರಿ ಎಲ್ಲರೂ?" ಎಂದರು ಮಾಸ್ತರರು.

ಮೂವರು ಬಂಧುಗಳೂ ಬ್ಯಾಗಿನಿಂದ ಪತ್ರಿಕೆ ತೆಗೆದರು. ಇವುಗಳ ಮೇಲ್ತುದಿಗೆ ಯಾರೂ ನೊರೆ ಒರೆಸಿರಲಿಲ್ಲ. ಒಂದನೆಯ ಸ್ಥಾನ: ಇದೇ ಊರು. ಒಂದೇ ಕಾರ್ಖಾನೆಯಲ್ಲಿ ನಲವತ್ತೊಂದು ಕೆಲಸ ಖಾಲಿ. ಇಂದೇ ನೇಮಕ.

"ಯಾವ ಕಾರ್ಖಾನೆ?" ಎಂದ ಅಂಚಣ್ಣ.

"ಅದೇನೋ ಹಾಸಿಗೆ ಅಂತೆ. ದಾರಿ ಗೊತ್ತಾ ನಿಮಗೆ?"

ಹನ್ನೊಂದು ವರ್ಷ ನಡೆದ ದಾರಿ. ಅಂಚಣ್ಣ ಓಡಿದ. ಅವನ ಹಿಂದೆ ಆಸ್ಪತ್ರೆ, ಬಂದರು, ರಾಜಧಾನಿ ಓಡಿದವು. ಎಲ್ಲ ಬಸ್ಸುಗಳಿಂದ ಇಳಿದವರೂ ಓಡುತ್ತಿದ್ದರು. ಒಂದು ಊರು ಇನ್ನೊಂದನ್ನು ಮೊಣಕೈಯಿಂದ ತಿವಿಯುತ್ತಿತ್ತು.

ಕಾರ್ಖಾನೆಯ ಗೇಟಿನಲ್ಲಿ ಸಾಲು ಆಗಲೇ ಎರಡು ಬೀದಿ ಸುತ್ತಿತ್ತು. ಬೋರ್ಡಿನಲ್ಲಿ ಸಂಬಳ ಬರೆದಿತ್ತು, ಹಳೆಯದರ ಅರ್ಧ. ಅಂಗಳದ ಮೇಜಿನ ಹಿಂದೆ ಮ್ಯಾನೇಜರು, ಪಕ್ಕದಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿ.

"ಸಾರ್, ನಿನ್ನೆ ನಲವತ್ತೊಂದು ಜನರನ್ನ ತೆಗೆದ್ರಲ್ಲ? ಇವು ಅವೇ ಕೆಲಸ. ಅದು ಹೇಗೆ ಒಂದನೇ ಸ್ಥಾನ ಆಗುತ್ತೆ?" ಎಂದ ಅಂಚಣ್ಣ, ಸಾಲನ್ನೂ ಲೆಕ್ಕಿಸದೆ.

ಅಧಿಕಾರಿ ಪಾಪ, ಒಳ್ಳೆಯ ಮನುಷ್ಯ. ಫಾರಂ ತಿರುಗಿಸಿ ತೋರಿಸಿದರು. "ನೋಡಿ ಇವ್ರೇ, ಖಾಲಿ ಇರೋ ಕೆಲಸಕ್ಕೆ ಕಾಲಂ ಇದೆ. ತೆಗೆದ ಕೆಲಸಕ್ಕೆ ಕಾಲಂ ಇಲ್ಲ. ಇಲ್ಲದ ಕಾಲಂನಲ್ಲಿ ನಾನು ಎಲ್ಲಿ ಬರೀಲಿ? ಹೋದ ವಾರವೇ ಕಂಪನಿಯವರು ನಲವತ್ತೊಂದು ಖಾಲಿ ಅಂತ ಬರೆದುಕೊಟ್ರು."

"ಹೋದ ವಾರ ನಾವು ಕೆಲಸದಲ್ಲೇ ಇದ್ವಲ್ಲ ಸಾರ್!"

"ಮುಂದಾಲೋಚನೆ," ಎಂದರು ಮ್ಯಾನೇಜರು. ಅವರಿಗೆ ಅಂಚಣ್ಣನ ಗುರುತು ಹತ್ತಲಿಲ್ಲ. ಅರ್ಧ ಮೀಸೆ, ಕೈ ಕಾಣದ ಕೋಟು, ಹೇಗೆ ಹತ್ತೀತು? "ಅಂಚಿನ ಮಿಷಿನ್ ಓಡಿಸೋಕೆ ಬೆಳಗಿನಿಂದ ಒಬ್ಬನಿಗೂ ಬಂದಿಲ್ಲ. ನಿನಗೆ ಬರುತ್ತಾ? ಮಾಡಿ ತೋರಿಸು."

ಅಂಗಳಕ್ಕೇ ಮಿಷಿನ್ ತಂದಿದ್ದರು. ಅಂಚಣ್ಣ ಕೋಟಿನ ತೋಳು ಮಡಚಿದ. ಪೆಡಲು ಒತ್ತಿದ. ಆಳೆತ್ತರದ ಹಾಸಿಗೆ ಅವನ ಕೈಯಡಿ ಮೆಲ್ಲಗೆ ತಿರುಗಿತು. ಮೂಲೆ ಬಂದಾಗ ಹೊಸಬರ ಸೂಜಿ ಮುರಿಯುತ್ತದೆ. ಅವನು ಮೂಲೆಗೆ ಮುಂಚೆ ಅರೆಗಳಿಗೆ ಪೆಡಲು ಸಡಿಲಿಸಿ, ಬಟ್ಟೆಯನ್ನು ಹೆಬ್ಬೆರಳಿನಿಂದ ಒಳಕ್ಕೆ ನೂಕಿದ. ನಾಲ್ಕೂ ಮೂಲೆ ದಾಟಿ ದಾರ ಹೊರಟ ಜಾಗಕ್ಕೇ ಬಂದು ನಿಂತಿತು. ಸಾಲಿನಲ್ಲಿದ್ದ ಎಲ್ಲ ಊರುಗಳೂ ಚಪ್ಪಾಳೆ ತಟ್ಟಿದವು. ಸುದ್ದಿ ಕೇಳಿ ಓಡಿಬಂದಿದ್ದ ಹೆಂಡತಿ ಸೌಟಿನಿಂದಲೇ ಗೇಟಿಗೆ ಬಡಿದಳು.

"ಸಿಕ್ತು ನೋಡು ಕೆಲಸ!" ಎಂದು ಕ್ಷೌರಿಕ ಕುಣಿದ. "ಊರು ಬಿಡೋ ಹಾಗೂ ಇಲ್ಲ!"

"ಎಲ್ಲಿ ಕಲಿತೆಯೋ?" ಎಂದರು ಮ್ಯಾನೇಜರು.

"ಇಲ್ಲೇ ಸಾರ್. ಹನ್ನೊಂದು ವರ್ಷ."

ಮ್ಯಾನೇಜರು ಮತ್ತು ಅಧಿಕಾರಿ ಮುಖ ಮುಖ ನೋಡಿಕೊಂಡರು.

"ಅದೊಂದು ತೊಡಕು," ಎಂದರು ಅಧಿಕಾರಿ. "ಹಳಬರನ್ನೇ ತಗೊಂಡ್ರೆ ಹೊಸ ಕೆಲಸ ಅಂತ ಆಗಲ್ಲ. ಊರು ಒಂದನೇ ಸ್ಥಾನದಿಂದ ಜಾರುತ್ತೆ. ಇಲ್ಲಿ 'ಹಿಂದಿನ ಅನುಭವ' ಅಂತಿದೆಯಲ್ಲ, ಅಲ್ಲಿ 'ಇಲ್ಲ' ಅಂತ ಬರೆದು ಸಹಿ ಹಾಕಿಬಿಡಿ. ಮುಗೀತು."

"ಹನ್ನೊಂದು ವರ್ಷ?"

"ಇಲ್ಲ ಅಂತ ಬರೆಯೋದಷ್ಟೇ. ಎರಡಕ್ಷರ."

"ಬರೆದುಬಿಡೋ!" ಎಂದರು ಮಾಸ್ತರರು. "ಬರೀರಿ ಅಣ್ಣಾ!" ಎಂದಳು ನರ್ಸಕ್ಕ. ಹೆಂಡತಿ ಮಾತ್ರ ಅವನು ಹೊಲಿದ ಅಂಚನ್ನೇ ನೋಡುತ್ತಿದ್ದಳು.

ಅಂಚಣ್ಣ ಪೆನ್ನು ಹಿಡಿದ. ಮಗಳ ಮುಖ ಕಣ್ಣೆದುರು ಬಂತು. ಬರೆಯದಿದ್ದರೆ ಊರು ಬಿಡಿಸಲು ಹೊರಗೆ ರಾತ್ರಿ ಬಸ್ಸುಗಳಿವೆ, ಗೊತ್ತು. 'ಇ' ಎಂದು ಬರೆಯಲು ಹೋದ. ಕೈ ಮೂಲೆಗೆ ಬಂದ ಹಾಗೆ ನಿಂತಿತು.

"ಹಾಗಾದ್ರೆ ಈ ಅಂಚು ಹೊಲಿದದ್ದು ಯಾರು ಸಾರ್?" ಎಂದ.

"ಅದೆಲ್ಲ ಬೇಡ. ಬರೀತೀಯೋ, ಸಾಲು ಬಿಡ್ತೀಯೋ?" ಎಂದರು ಮ್ಯಾನೇಜರು.

ಅಂಚಣ್ಣ ಪೆನ್ನನ್ನು ಮೇಜಿನ ಮೇಲಿಟ್ಟ. ಚಪ್ಪಲಿ ಬಿಟ್ಟ. ಮಾಸ್ತರರ ಕೋಟು ಕಳಚಿ ಮಡಚಿ ತಲೆದಿಂಬು ಮಾಡಿದ. ಆಗಷ್ಟೇ ಹೊಲಿದ ಹಾಸಿಗೆಯ ಮೇಲೆ, ಅಂಗಳದ ನಟ್ಟನಡುವೆ, ನಾಲ್ಕು ಊರಿನ ಜನ ನೋಡುತ್ತಿರುವಾಗಲೇ ಉದ್ದಕ್ಕೆ ಮಲಗಿದ.

"ಏಯ್! ಅದು ಮಾರೋ ಮಾಲು!" ಮ್ಯಾನೇಜರು ಕುರ್ಚಿ ಬಿಟ್ಟು ನೆಗೆದರು. "ಏಳಯ್ಯಾ ಮೇಲೆ!"

ಅಂಚಣ್ಣ ಪಕ್ಕಕ್ಕೆ ಹೊರಳಿದ.

"ಏಳಲ್ಲ."