ನೇಪಾಳಕ್ಕೆ ಹೋಗಿ ನಲ್ಲಿ ಹಾಕಿದ್ದು

ಯಾರಿಗಾದರೂ ಉಪಕಾರ ಮಾಡೋಣ ಅಂತ ನಾನು ಕೈ ಹಾಕಿದ ಕಡೆಯೆಲ್ಲ ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ಚಳ್ಳಕೆರೆಯಲ್ಲಾದರೆ ಊರೋರಿಗೆ ಅಭ್ಯಾಸ ಆಗೈತೆ, ಸಹಿಸ್ಕೊಂತಾರೆ. ಹೋದ ಚಳಿಗಾಲದಲ್ಲಿ ನೇಪಾಳದ ಬೆಟ್ಟದ ಮೇಲಿನ ಜನ ಸಹಿಸ್ಕೋಬೇಕಾಯ್ತು.

೧. ಮನೆಯ ಅರ್ಜಿ

ನನ್ನದು ಮೋಟರ್ ರಿಪೇರಿ, ಪೈಪ್ ಫಿಟ್ಟಿಂಗ್ ಕೆಲಸ. ಒಂದು ಸೇವಾ ಸಂಸ್ಥೆಯೋರು ಕೇಳಿದರು, "ನೇಪಾಳದಲ್ಲಿ ಒಂದು ಬೆಟ್ಟದ ಹಳ್ಳಿಗೆ ನೀರು ತರಬೇಕು, ಸಂಬಳ ಇಲ್ಲ, ಊಟ ವಸತಿ ನಮ್ಮದು, ಎರಡು ತಿಂಗಳು ಬರ್ತೀರಾ?" ಮನೇಲಿ ಉರ್ದು ಮಾತಾಡೋರು ನಾವು, ಹಿಂದೀಲಿ ಹೆಂಗೋ ಸಂಭಾಳಿಸಬಹುದು ಅಂತ ಹೂಂ ಅಂದುಬಿಟ್ಟೆ. ಜೊತೆಗಿರಲಿ ಅಂತ ಮೊಳಕಾಲ್ಮೂರಿನ ನನ್ನ ಗೆಳೆಯ, ಗಾರೆ ಮೇಸ್ತ್ರಿಯನ್ನೂ ಎಳ್ಕೊಂಡೆ. ಅವನಿಗೆ ಕನ್ನಡ, ತೆಲುಗು ಬಿಟ್ಟರೆ ಬೇರೆ ಏನೂ ಬರಲ್ಲ.

ವಿಷಯ ಕೇಳಿ ನನ್ನ ಹೆಂಡತಿ ಬಚ್ಚಲ ಕಡೆ ಕೈ ತೋರಿಸಿದಳು. "ಆ ನಲ್ಲಿ ಸೋರೋಕೆ ಹತ್ತಿ ಮೂರು ತಿಂಗಳಾಯ್ತು. ಅದು ರಿಪೇರಿ ಆಗ್ಬೇಕು ಅಂದ್ರೆ ನಾನೂ ನೇಪಾಳಕ್ಕೇ ಹೋಗಿ ಅರ್ಜಿ ಕೊಡ್ಬೇಕಾ?"

೨. ಮೋಟರ್ ಎಲ್ಲೈತೆ?

ನಾವು ಇಳ್ಕೊಂಡಿದ್ದ ಮನೇಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಸೊಸೆಗೆ ತುಂಬಿದ ಎಂಟು ತಿಂಗಳು. ಗಂಡ ದಿಲ್ಲಿಯ ಹೋಟೆಲಲ್ಲಿ ಕೆಲಸಕ್ಕಿದ್ದ, ಅವಳೂ ಅಲ್ಲಿ ಸ್ವಲ್ಪ ದಿನ ಇದ್ದು ಬಂದಿದ್ದಳು, ಹಿಂದಿ ಚೆನ್ನಾಗಿ ಬರ್ತಿತ್ತು. ಊರಲ್ಲಿ ಎರಡು ಕೋಣೆಯ ಆಸ್ಪತ್ರೆ ಐತೆ, ನರ್ಸಮ್ಮ ಇದಾರೆ, ನೀರೊಂದಿಲ್ಲ. ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದರು, "ನಲ್ಲೀಲಿ ನೀರು ಬಂದ್ರೆ ಹೆರಿಗೆ ಇಲ್ಲೇ. ಇಲ್ಲಾಂದ್ರೆ ಕುರ್ಚಿಗೆ ಬಿದಿರು ಕಟ್ಟಿ ಕೆಳಗೆ ಹೊತ್ಕೊಂಡು ಹೋಗಿ." ಕೆಳಗೆ ಅಂದರೆ ಆರು ಗಂಟೆ ದಾರಿ. ಹಿಂದಿನ ವರ್ಷ ಅದೇ ದಾರಿಯಲ್ಲಿ ಒಬ್ಬಳಿಗೆ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಅದನ್ನ ಕೇಳಿದ ಮೇಲೆ ನಂಗೆ ಊಟ ಸೇರ್ಲಿಲ್ಲ.

ತಕ್ಷಣ ಕೆಲಸ ಶುರು ಮಾಡೋಣ ಅಂತ ಸಂಸ್ಥೆಯ ಅಲ್ಲಿನ ಇಂಜಿನಿಯರ್ ಮೇಡಂ ಹತ್ರ ಹೋಗಿ, "ಮೋಟರ್ ಎಲ್ಲೈತೆ ಮೇಡಂ?" ಅಂತ ಹಿಂದೀಲಿ ಕೇಳಿದೆ. ಅವರು ಮೇಲಿನ ಬೆಟ್ಟ ತೋರಿಸಿ, "ಮೋಟರ್ ಬೇಡ. ಒರತೆ ಮೇಲೈತೆ, ನೀರು ತಾನೇ ಇಳಿದು ಬರುತ್ತೆ" ಅಂದರು. ಎಂಟುನೂರು ಅಡಿ ಆಳದಿಂದ ನೀರೆತ್ತಿ ಕೂದಲು ಬೆಳ್ಳಗಾದೋನು ನಾನು, ನಂಬೋದು ಹೆಂಗೆ? "ಕರೆಂಟ್ ಹೋದ್ರೆ?" ಅಂದೆ. "ಕರೆಂಟೇ ಬೇಡ" ಅಂದರು.

ಇಷ್ಟನ್ನೂ ಮೇಸ್ತ್ರಿಗೆ ಕನ್ನಡದಲ್ಲಿ ಹೇಳಿದೆ. ಅವನು ಬೀಡಿ ಕೆಳಗಿಳಿಸಿ, "ಲೇ, ಮೋಟರ್ ಇಲ್ಲ, ಕರೆಂಟ್ ಇಲ್ಲ. ಹಂಗಾದ್ರೆ ನಿನ್ನ ಯಾಕ್ ಕರೆಸಿದ್ರು?" ಅಂದ.

೩. ಎಷ್ಟನೇ ತಿಂಗಳು

ಪೈಪು ಹೊತ್ತು ಮೇಲೆ ಹೋಗೋ ಕೆಲಸ. ಮೊದಲನೇ ದಿನ ಮೇಸ್ತ್ರಿ ಎದೆ ಉಬ್ಬಿಸಿ, "ನಮ್ಮೂರ ಜಟಿಂಗ ರಾಮೇಶ್ವರ ಬೆಟ್ಟಾನ ವರ್ಷಕ್ಕೆ ಮೂರು ಸಲ ಹತ್ತೋನು ನಾನು, ಇದ್ಯಾವ ಲೆಕ್ಕ?" ಅಂತ ಹೊರಟ. ಆ ಊರಲ್ಲಿ ಜಟಿಂಗ ರಾಮೇಶ್ವರದಷ್ಟು ಎತ್ತರಕ್ಕೆ ಜನ ಸೊಪ್ಪು ಕೊಯ್ಯೋಕೆ ಹೋಗ್ತಾರೆ. ಅರ್ಧ ದಾರೀಲಿ ಅವನು "ದೇವುಡಾ" ಅಂತ ಬಂಡೆ ಮೇಲೆ ಕೂತ. ನಾನು ಅವನ ಪಕ್ಕ ಬಿದ್ಕೊಂಡೆ. ಎದೆ ಡವಡವ ಅಂತಿತ್ತು, ಇಲ್ಲೇ ಮುಗೀತು ಅಂದ್ಕೊಂಡೆ.

ಅಷ್ಟರಲ್ಲಿ ಸೊಸೆ ಬೆನ್ನ ಮೇಲೆ ಹುಲ್ಲಿನ ಬುಟ್ಟಿ ಹೊತ್ತು ಮೇಲಿಂದ ಆರಾಮಾಗಿ ಇಳಿದು ಬಂದಳು. ನಿಂತು, ನನ್ನ ಹೊಟ್ಟೆಯನ್ನ ಒಂದು ಗಳಿಗೆ ನೋಡಿ, ತುಂಬಾ ಕಾಳಜಿಯಿಂದ ಕೇಳಿದಳು, "ಅಣ್ಣ, ನಿಮಗೆ ಎಷ್ಟನೇ ತಿಂಗಳು?"

೪. ಬೈದದ್ದು ಯಾರನ್ನ

ಅಂತೂ ನೀರು ಬಂತು. ಆಸ್ಪತ್ರೆ ಮುಂದೆ ಕಬ್ಬಿಣದ ಪೈಪು ನಿಲ್ಲಿಸಿ ನಲ್ಲಿ ತಿರುಗಿಸಿದೆ, ಧೋ ಅಂತ ಸುರೀತು. ಅತ್ತೆ ನನ್ನ ಎರಡೂ ಕೈ ಹಿಡ್ಕೊಂಡು ಅತ್ತೇಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳಲ್ಲ.

ಅವತ್ತು ಸಂಜೆ ನಮಾಜ್ ಮುಗಿಸಿ ಬರ್ತೀನಿ, ನಲ್ಲಿ ಹಂಗೇ ಸುರೀತಾ ಐತೆ. ಕೆಳಗೆ ಕೊಡ ಇಲ್ಲ, ಬಕೆಟ್ ಇಲ್ಲ, ಸುತ್ತ ಒಂದು ನರಪಿಳ್ಳೆ ಇಲ್ಲ. ನಮ್ಮ ಬೀದೀಲಿ ನೀರು ಬಿಡೋದು ನಾಲ್ಕು ದಿನಕ್ಕೊಂದ್ಸಲ, ಪಾತ್ರೆ ಪಗಡೆ ಎಲ್ಲಾ ತುಂಬಿಸಿ ಕೊನೆಗೆ ಲೋಟಾನೂ ಬಿಡಲ್ಲ ನಾವು. ನಂಗೆ ಮೈಯೆಲ್ಲ ಉರಿದೋಯ್ತು. ಬಂದ ದಿನವೇ ಪೋಲು ಮಾಡ್ತಾರಲ್ಲ, ಎಂಥಾ ಜನ ಅಂತ ಬೈಕೊಂಡು ನಲ್ಲಿ ಬಿಗಿಯಾಗಿ ತಿರುಗಿಸಿದೆ. ಒಂದು ತೊಟ್ಟೂ ಬೀಳ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಹೋಗಿ ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ನೋಡಿದರೆ ನೀರಿಲ್ಲ, ಪೈಪು ಗೇಣುದ್ದ ಸೀಳಿಹೋಗೈತೆ. ಅದೇ ಹೊತ್ತಿಗೆ ಸೊಸೆಗೆ ನೋವು ಶುರುವಾಯ್ತು. ನರ್ಸಮ್ಮ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಊರ ಹಿರಿಯರು ಕುರ್ಚಿಗೆ ಬಿದಿರು ಕಟ್ಟಿಸೋಕೆ ಶುರು ಮಾಡಿದರು. ನಾನು ಎಲ್ಲರಿಗಿಂತ ಜೋರಾಗಿ ಕೂಗಾಡಿದೆ. "ಇದು ಬೇಕಂತ ಕಲ್ಲು ಎತ್ತಾಕಿರೋದು. ಆ ನಾಲಾಯಕ್ ಯಾರು ಹುಡುಕಿ, ಬಿಡಬೇಡಿ ಅವನನ್ನ."

ಮೇಡಂ ಬಗ್ಗಿ ನಲ್ಲಿ ಮುಟ್ಟಿ ನೋಡಿದರು. "ಯಾರೂ ಕಲ್ಲು ಹಾಕಿಲ್ಲ. ನಲ್ಲಿ ಮುಚ್ಚಿದಾರೆ. ಈ ಚಳೀಲಿ ನೀರು ನಿಂತ್ರೆ ಮಂಜುಗಡ್ಡೆಯಾಗಿ ಪೈಪು ಒಡೆಯುತ್ತೆ. ಅದಕ್ಕೇ ಇಲ್ಲಿ ರಾತ್ರಿಯೆಲ್ಲ ಹರಿಯೋಕೆ ಬಿಡ್ತೀವಿ. ಮಕ್ಕಳಿಗೂ ಗೊತ್ತು. ಯಾರು ಮುಚ್ಚಿದ್ದು?"

ನಾನು ಮೆಲ್ಲಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಮೇಸ್ತ್ರಿಗೆ ಹಿಂದಿ ಬರದಿದ್ದರೂ ನನ್ನ ಮುಖ ಓದೋಕೆ ಬರುತ್ತೆ. "ಲೇ, ಏನ್ ಮಾಡ್ದೆ ನೀನು?"

"ನಿನ್ನೆ ಸಂಜೆ ನಲ್ಲಿ ಮುಚ್ಚಿದೆ. ಅದಕ್ಕೇ ಪೈಪು ಒಡೆದಿರೋದು."

"ಮತ್ತೆ ಇಷ್ಟೊತ್ತು ಬೈತಿದ್ದಿದ್ದು ಯಾರನ್ನ?"

೫. ಹೊಸ್ತಿಲ ಹತ್ರ

ಎಲ್ಲರ ಮುಂದೆ ಒಪ್ಕೊಂಡೆ. ಯಾರೂ ಬೈಲಿಲ್ಲ, ಬೈದಿದ್ದರೆ ಎಷ್ಟೋ ವಾಸಿ ಇತ್ತು. ಹಿರಿಯರು ಇಷ್ಟೇ ಅಂದರು, "ಬಿಸಿಲು ಅಂಗಳಕ್ಕೆ ಇಳಿಯೋವರೆಗೂ ನೋಡ್ತೀವಿ. ಆಮೇಲೆ ಕುರ್ಚಿ ಎತ್ತೋದೇ."

ಬೇರೆ ಪೈಪು ಇರಲಿಲ್ಲ. ನಮ್ಮಲ್ಲಾದರೆ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದು ಸುತ್ತಿಬಿಡ್ತೀವಿ. ಆ ಊರಲ್ಲಿ ಸೈಕಲ್ ಅನ್ನೋದನ್ನ ನೋಡಿದೋರೇ ಕಡಿಮೆ. ರಬ್ಬರು, ರಬ್ಬರು ಅಂತ ಒದ್ದಾಡ್ತಾ ಇದ್ದೆ. ಮೇಸ್ತ್ರಿ ನಾವಿದ್ದ ಮನೆಗೆ ಹೋಗಿ, ಬಿಸಿನೀರು ಹಾಕಿ ಮಂಡಿಗೆ ಇಟ್ಕೊಳ್ಳೋ ತನ್ನ ರಬ್ಬರ್ ಚೀಲ ತಂದು ಕೈಗಿಟ್ಟ. ಪಟ್ಟಿಪಟ್ಟಿಯಾಗಿ ಕತ್ತರಿಸಿ ಸೀಳಿದ ಜಾಗಕ್ಕೆ ಎಳೆದೆಳೆದು ಸುತ್ತಿದೆ, ಮೇಲೆ ತಂತಿ ಬಿಗಿದೆ. ಅತ್ತೆ ಒಲೆಯಿಂದ ಬಿಸಿನೀರು ತಂದು ಪೈಪಿನ ಮೇಲೆ ಸುರೀತಾ ಹೋದರು. ಒಳಗಿನ ಗಡ್ಡೆ ಕರಗಲಿಲ್ಲ. ಬಿಸಿಲು ಎದುರು ಮನೆಯ ಮಾಡಿನಿಂದ ಗೋಡೆಗೆ ಇಳೀತು. ನಾಲ್ಕು ಜನ ಕುರ್ಚಿ ಹತ್ರ ನಿಂತರು. ನಾನು ಯಾ ಅಲ್ಲಾ ಅಂತಿದ್ದೆ. ಮೇಸ್ತ್ರಿ ಅವನ ದೇವರನ್ನೆಲ್ಲ ಒಬ್ಬೊಬ್ಬರಾಗಿ ಕರೀತಿದ್ದ.

ನಲ್ಲಿ ಒಂದು ಸಲ ಕೆಮ್ಮಿತು. ಆಮೇಲೆ ಚೂರು ಚೂರು ಗಡ್ಡೆ ಉಗುಳಿ, ಬುಸಬುಸ ಅಂತ ನೀರು ಬಂತು. ನರ್ಸಮ್ಮ ಬಕೆಟ್ ತುಂಬಿಸಿಕೊಂಡು, "ಕರ್ಕೊಂಡು ಬನ್ನಿ" ಅಂದರು.

ಅತ್ತೆಯ ಹೆಗಲು ಹಿಡಿದು ಸೊಸೆ ಒಂದೊಂದೇ ಹೆಜ್ಜೆ ಇಡ್ತಾ ಬಂದಳು. ಮುಖವೆಲ್ಲ ಬೆವರು. ಹೊಸ್ತಿಲ ಹತ್ರ ಬಂದೋಳು ಗಕ್ಕನೆ ನಿಂತಳು. ಬಾಗಿಲ ಚೌಕಟ್ಟು ಹಿಡ್ಕೊಂಡು ತಿರುಗಿ ನೋಡಿದಳು. ಕಟ್ಟು ಸೋರುತ್ತಾ ಅಂತ ನೋಡೋಕೆ ನಾನು ನಲ್ಲಿ ಮೇಲೆ ಕೈ ಇಟ್ಟಿದ್ದೆ.

"ಒಳಗೆ ಬಾರಮ್ಮ" ಅಂದರು ನರ್ಸಮ್ಮ.

"ಬರಲ್ಲ" ಅಂದಳು ಅವಳು, ಹಲ್ಲು ಕಚ್ಚಿ. "ಮೊದಲು ಆ ಅಣ್ಣನ್ನ ನಲ್ಲಿ ಹತ್ರದಿಂದ ಎಬ್ಬಿಸಿ. ಆಮೇಲೆ ಬರ್ತೀನಿ."

ಕುರ್ಚಿ ಹೊರೋಕೆ ನಿಂತಿದ್ದ ನಾಲ್ಕು ಜನವೂ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು, ದೂರದ ಆಲೂಗಡ್ಡೆ ಹೊಲದಲ್ಲಿ ಕೂರಿಸಿದರು. ಕಾವಲಿಗೆ ಮೇಸ್ತ್ರಿ ನಿಂತ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗಳು ಇಬ್ಬರೂ ಸುಖವಾಗಿದ್ದರು. ಸುದ್ದಿ, ಚಹಾ, ಸಿಹಿ, ಕೊನೆಗೆ ಕೈ ತೊಳೆಯೋಕೆ ಚೊಂಬಲ್ಲಿ ನೀರು, ಎಲ್ಲಾ ಅತ್ತೇನೇ ನಾನಿದ್ದಲ್ಲಿಗೆ ಹೊತ್ತು ತಂದುಕೊಟ್ಟರು. ಯಾವ ಕಾರಣಕ್ಕೂ ನಾನು ಎದ್ದು ಆ ಕಡೆ ಬರೋದು ಬೇಡ ಅಂತ.