ಭೋಜರಾಜ ಕಳಿಸಿದ ಮೇಲ್

ಸಂಜೆ ಮೈಸೂರಿನ ರೈಲು ಹಿಡಿಯುವ ಆತುರದಲ್ಲಿ ಭೋಜರಾಜ ಬೆಳಿಗ್ಗೆ ಹಲ್ಲುಜ್ಜುವುದನ್ನೂ ಅರ್ಧಕ್ಕೇ ಬಿಟ್ಟಿದ್ದ. ಮರುದಿನ ಹೆಣ್ಣು ನೋಡುವ ಶಾಸ್ತ್ರ. ಆಫೀಸಿನ ಕೆಲಸವೆಂದು ಎರಡು ಸಲ ತಪ್ಪಿಸಿಕೊಂಡಿದ್ದ. ಈ ಸಲವೂ ಬರದಿದ್ದರೆ ಹುಡುಗಿ ಬೇರೆಯವರಿಗೇ ಎಂದು ಅವಳಪ್ಪ ಗುಡುಗಿದ ಗುಡುಗಿಗೆ ಫೋನಿನ ವೈರೇ ಕಾದುಹೋಗಿತ್ತು.

ವೆಸ್ಟ್ ಮಾಂಬಲಂ ಬಡಾವಣೆಯ ಪಾರ್ಸೆಲ್ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವುದು ಅವನ ಕೆಲಸ. ಆವತ್ತು ಅದನ್ನು ನಿಲ್ಲಿಸಿ ರಿಪೇರಿ ಮಾಡಬೇಕಿತ್ತು.

“ರಿಪೇರಿ ಮುಗೀಬೇಕು, ಬಿಲ್ಲೆಲ್ಲಾ ಪ್ರಿಂಟಾಗ್ಬೇಕು. ಆಮೇಲೆ ರೈಲೋ ವಿಮಾನಾನೋ ಹತ್ಕೊಂಡ್ ಹೋಗಪ್ಪಾ,” ಎಂದಿದ್ದರು ಮ್ಯಾನೇಜರ್ ರಮೇಶ್.

ಎಲ್ಲರಿಗೂ ಸೂಚನೆಯ ಮೇಲ್ ಬರೆದು ಗುಂಡಿ ಒತ್ತಿದ. ರೆಪ್ಪೆ ಬಡಿಯುವುದರೊಳಗೆ ಮೇಲ್, ಪ್ರಿಂಟರ್, ಫೈಲು, ಇಂಟರ್‌ನೆಟ್ಟು ಎಲ್ಲದರ ಕತ್ತು ಹಿಸುಕಿದ.

ಆಫೀಸು ಕಲ್ಲು ಬಿದ್ದ ಕಾಗೆಗೂಡಾಯಿತು. ಅಕೌಂಟ್ಸಿನ ಕಲಾವತಿ ಮದುವೆಮನೆಯಲ್ಲಿ ತಾಳಿ ಕಳೆದುಕೊಂಡವರಂತೆ ಓಡಿಬಂದರು.

“ಅಯ್ಯೋ ಪಾಪಿ! ನನ್ನ ಲೆಕ್ಕಾನೆಲ್ಲಾ ಎಲ್ಲಿ ನುಂಗ್ಬಿಟ್ಟೆ?”

“ಸೇವ್ ಮಾಡ್ಕೊಳ್ಳಿ ಅಂತ ಮೇಲ್ ಕಳ್ಸಿದ್ನಲ್ಲಾ ಮೇಡಂ!”

“ಯಾವ ಮೇಲು? ಕನಸಲ್ಲಿ ಕಳ್ಸಿರ್ಬೇಕು. ತಲೆ ತುಂಬಾ ಮೈಸೂರೇ ಇದ್ರೆ ಇನ್ನೇನಾಗುತ್ತೆ?”

ಲೆಕ್ಕ ವಾಪಸು ಬರುವವರೆಗೂ ಏಳುವುದಿಲ್ಲವೆಂದು ಅವರು ಸರ್ವರ್ ರೂಮಿನಲ್ಲೇ ಕುರ್ಚಿ ಹಾಕಿಕೊಂಡು, ಎಸಿ ಚಳಿಗೆ ಸೆರಗು ಹೊದ್ದು ಕೂತರು. “ಆ ಕೆಂಪು ದೀಪ ಯಾಕಿದೆ? ಅದನ್ನ ಒತ್ತು,” ಎಂದು ತೋರಿಸಲು ಎದ್ದಾಗ ಸೆರಗು ಸಿಕ್ಕಿ ಪ್ಲಗ್ಗೇ ಕಿತ್ತು ಬಂತು. ಮುಕ್ಕಾಲು ಮುಗಿದಿದ್ದ ರಿಪೇರಿ ಮೊದಲಿನಿಂದ ಶುರುವಾಯಿತು. ಭೋಜರಾಜನ ಮುಖ ಹಿಂಡಿಟ್ಟ ನಿಂಬೆಹಣ್ಣಾಯಿತು.

“ಮುಖ ತೊಳ್ಕೊಂಡ್ ಹೋಗಪ್ಪಾ, ಹುಡುಗಿ ಹೆದರ್ಕೊಂಡಾಳು,” ಎಂದರು ಕಲಾವತಿ.

ಅಂತೂ ಇಳಿಹೊತ್ತಿಗೆ ಸರ್ವರ್ ಎದ್ದಿತು. ಲೆಕ್ಕ ಬಂತು, ಪ್ರಿಂಟರ್ ಬಿಲ್ಲು ಉಗುಳತೊಡಗಿತು, ರೈಲಿಗೆ ಇನ್ನೂ ಹೊತ್ತಿತ್ತು. ಕೊನೆಯದಾಗಿ ಉಳಿದಿದ್ದ ಮೇಲ್ ವ್ಯವಸ್ಥೆಯನ್ನೂ ಶುರುಮಾಡಿ ಭೋಜರಾಜ ಬ್ಯಾಗು ಹೆಗಲಿಗೇರಿಸಿದ.

ಬೆಳಗಿನಿಂದ ಒಳಗೇ ಸಿಕ್ಕಿಕೊಂಡಿದ್ದ ಅವನ ಸೂಚನೆ ಈಗ ಎಲ್ಲರ ಕಂಪ್ಯೂಟರಿಗೂ ಒಟ್ಟಿಗೆ ಬಂದಿಳಿಯಿತು: ‘ಮ್ಯಾನೇಜರ್ ಅಪ್ಪಣೆಯಂತೆ ಸರ್ವರ್ ಈಗ ನಿಲ್ಲುತ್ತದೆ. ಕೆಲಸ ಸೇವ್ ಮಾಡಿಕೊಂಡು ಕಂಪ್ಯೂಟರ್ ಆಫ್ ಮಾಡಿ. ನಾನು ಹೇಳುವವರೆಗೆ ಮುಟ್ಟಬೇಡಿ.’

“ನೋಡು, ಈಗ ಮುಂಚೇನೇ ಹೇಳಿದೀಯ. ಬುದ್ಧಿ ಬಂತು,” ಎಂದು ಕಲಾವತಿ ಎಲ್ಲ ಆಫ್ ಮಾಡಿ ಹೊರಟರು. ಭೋಜರಾಜ ಬಾಯಿ ತೆರೆಯುವಷ್ಟರಲ್ಲಿ ಇಡೀ ಆಫೀಸು ಮಾಂಬಲಂ ಸ್ಟೇಷನ್ನಿನ ಮೆಟ್ಟಿಲು ಹತ್ತಿತ್ತು. ಬಿಲ್ಲು ಅರ್ಧಕ್ಕೇ ನಿಂತಿತ್ತು.

ರಮೇಶ್ ಕೊಡೆ ಹಿಡಿದು ಬಂದರು. “ನೀನು ಹೇಳ್ದೆ ಅಂತ ನಾನೂ ಆಫ್ ಮಾಡ್ಬಿಟ್ಟೆ. ಮಿಕ್ಕ ಬಿಲ್ಲೆಲ್ಲಾ ನೀನೇ ಮುಗಿಸ್ಬಿಡಪ್ಪಾ.”

“ಸಾರ್, ನನ್ನ ರೈಲು… ಹುಡುಗಿ…”

“ಅದಕ್ಕೇನು? ಬರೋಕಾಗಲ್ಲ ಅಂತ ಅವ್ರಿಗೊಂದು ಮೇಲ್ ಹಾಕ್ಬಿಡು. ಈಗ ಚೆನ್ನಾಗಿ ಹೋಗ್ತಿದೆಯಲ್ಲಾ!”